ಲೈನ್‌ಮನ್ ಗಿರಮಲ್ಲಪ್ಪನ ಕತ್ತಲೆ

"ಇವತ್ತ ಅಮಾಸಿ. ಏಡಿ ನೀಹಾರಿಕೆ ನನ್ನ ಕಣ್ಣಿಗೆ ಬೀಳಲಿಲ್ಲಂದ್ರ ನಾ ಗಿರಮಲ್ಲಪ್ಪನ ಅಲ್ಲ," ಎಂದು ಗಿರಮಲ್ಲಪ್ಪ ರೊಟ್ಟಿ ತಾಟಿನ ಮುಂದೆ ಕೂತು ಸಾರಿದ.

"ಹೋದ ಅಮಾಸಿಗೂ ಹಿಂಗ ಅಂದಿದ್ರಿ," ಎಂದಳು ಹೆಂಡತಿ ರಾಜೇಶ್ವರಿ. "ತಿಂಗಳಾತು, ಯಾವ ಹೆಸರಲೆ ಕರೀಬೇಕು ಗೊತ್ತಾಗವಲ್ದು."

ರನ್ನ ಬೆಳಗಲಿಯಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತನಾದವ ಅವನು. ಊರಿಗೆಲ್ಲ ಬೆಳಕು ಕೊಟ್ಟ ಮನುಷ್ಯ ಈಗ ಹಿತ್ತಲಲ್ಲಿ ಪುಟ್ಟ ದೂರದರ್ಶಕ ನಿಲ್ಲಿಸಿಕೊಂಡು ಕತ್ತಲೆ ಹುಡುಕುತ್ತಿದ್ದ. ಸಾವಿರ ವರ್ಷದ ಹಿಂದಿನ ಜನ ಒಂದು ನಕ್ಷತ್ರ ಸಿಡಿದದ್ದನ್ನು ಕಂಡಿದ್ದರಂತೆ. ಅದರ ಹೊಗೆ, ಅಂದರೆ ಈ ಏಡಿ ನೀಹಾರಿಕೆ, ವೃಷಭ ರಾಶಿಯ ಕೊಂಬಿನ ತುದಿಯಲ್ಲಿ ಇನ್ನೂ ಕಾಣುತ್ತದೆ ಎಂದು ಓದಿದ ದಿನದಿಂದ ಅವನಿಗೆ ಸಮಾಧಾನವಿರಲಿಲ್ಲ. ಕೊಂಬು ಸಿಗುತ್ತಿತ್ತು, ಹೊಗೆ ಸಿಗುತ್ತಿರಲಿಲ್ಲ. ತಪ್ಪು ಯಾರದೆಂದೂ ಗೊತ್ತಿತ್ತು: ಹಿತ್ತಲ ಗೋಡೆಯಾಚೆಯ ಬೀದಿದೀಪದ್ದು. ಅದನ್ನು ಹಾಕಿಸಿದವನೂ ಅವನೇ.

ಎಂಟು ಗಂಟೆಗೆ ಅವನು ಯಾರಿಗೂ ಹೇಳದೆ ಹೋಗಿ ಓಣಿಯ ಫ್ಯೂಜ್ ಡಬ್ಬಿ ತೆರೆದ. ನೋಡುವ ಅಗತ್ಯವೇ ಇರಲಿಲ್ಲ. ಎಡಗಡೆಯ ಮೂರನೆಯದು ಬೀದಿದೀಪದ್ದು; ಅದನ್ನು ಕಿತ್ತು ಜೇಬಿಗೆ ಇಳಿಸಿದ. ಅವನು ನಿವೃತ್ತನಾದ ಮೇಲೆ ಡಬ್ಬಿಯೊಳಗಿನ ಜೋಡಣೆ ಬದಲಾಗಿತ್ತು. ಬೀದಿದೀಪದ ಜೊತೆ ಓಣಿಯ ಹನ್ನೊಂದು ಮನೆಗಳೂ ಆರಿದವು, ಹನ್ನೊಂದು ಧಾರಾವಾಹಿಗಳೂ ನಿಂತವು.

ಅವನು ಹಿತ್ತಲು ಮುಟ್ಟುವಷ್ಟರಲ್ಲಿ ಓಣಿಯೂ ಅಲ್ಲಿಗೇ ಬಂದಿತ್ತು.

"ಕಾಕಾ, ಕರೆಂಟ್ ಹೋಗೇತ್ರಿ. ಹುಲೆಪ್ಪಗ ಫೋನ್ ಹಚ್ಚೇವಿ, ಬರಾಕತ್ತಾನ. ಅಲ್ಲಿತನಕ ನೀವ ಒಂದೀಟು ನೋಡ್ರಿ."

ಹುಲೆಪ್ಪ ಈಗಿನ ಲೈನ್‌ಮನ್, ಗಿರಮಲ್ಲಪ್ಪನ ಕೈಯಲ್ಲೇ ಕೆಲಸ ಕಲಿತವ. ಬಂದವರ ಕೈಯ ಬ್ಯಾಟರಿಗಳ ಬೆಳಕೆಲ್ಲ ಗಿರಮಲ್ಲಪ್ಪನ ಮುಖಕ್ಕೇ ಹೊಡೆಯಿತು.

"ದೊಡ್ಡ ಫಾಲ್ಟ್ ಐತಿ," ಎಂದ ಗಿರಮಲ್ಲಪ್ಪ, ಜೇಬಿನ ಮೇಲೆ ಕೈಯಿಟ್ಟು. "ಮೊದಲ ಬ್ಯಾಟರಿ ಆರ್ಸ್ರಿ. ಅವು ಉರದಷ್ಟೂ ಫಾಲ್ಟ್ ಹೆಚ್ಚಾಕ್ಕೈತಿ."

ಜನ ನಂಬಿ ಆರಿಸಿದರು. ಅದೇ ಅವನಿಗೆ ಚುಚ್ಚಿತು.

ಕತ್ತಲಲ್ಲಿ ಸುಮ್ಮನೆ ಕೂತು ಬೇಸರವಾಗಿ, ಪಕ್ಕದ ಮನೆಯ ಮುದುಕಿ ಬೋರವ್ವ ಎದ್ದು, ಅವನು ಆಗಲೇ ಕೊಂಬಿನ ತುದಿಗೆ ತಿರುಗಿಸಿಟ್ಟಿದ್ದ ದೂರದರ್ಶಕದ ಕೊಳವೆಗೆ ಕಣ್ಣಿಟ್ಟಳು. ಆಯುಷ್ಯವೆಲ್ಲ ಕುರಿ ಹಿಂದೆ ತಿರುಗಿದವಳು.

"ಉಣ್ಣೆ ಹಿಂಜಿ ಒಗದಂಗ ಒಂದೀಟು ಬೆಳ್ಳಗ ಐತಲಾ," ಎಂದಳು.

ಗಿರಮಲ್ಲಪ್ಪ ಅವಳನ್ನು ಸರಿಸಿ ನೋಡಿದ. ಬ್ಯಾಟರಿಗಳ ಹಳದಿ ಚುಕ್ಕೆಗಳು ಇನ್ನೂ ಕಣ್ಣಲ್ಲಿ ಕುಣಿಯುತ್ತಿದ್ದವು. "ಏನೂ ಇಲ್ಲ ಬೇ."

"ನೆಟ್ಟಗ ನೋಡಬ್ಯಾಡೋ ಗಿರಮಲ್ಲ. ಕತ್ತಲಾಗ ತ್ವಾಳನ್ನ ನೆಟ್ಟಗ ನೋಡಿದ್ರ ಮಾಯ ಆಕ್ಕೈತಿ. ಬಾಜೂಕ ನೋಡಬೇಕು. ತಾನ ಕಾಣತೈತಿ."

ಅವಳು ಹೇಳಿದಂತೆ ಒಬ್ಬೊಬ್ಬರೇ ಬಾಗಿ ನೋಡಿದರು. ರಾಜೇಶ್ವರಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿ, "ಸತ್ತ ಮ್ಯಾಲೂ ಇಷ್ಟ ದಿನ ಉಳೀತೈತಿ ಅಂದ್ರ..." ಎಂದು ಅಷ್ಟಕ್ಕೇ ಬಿಟ್ಟಳು.

ಆಗ ಹುಲೆಪ್ಪ ಬಂದ. "ಡಬ್ಬಿ ನೋಡಿ ಬಂದ್ನಿರಿ ಸರ್. ಫಾಲ್ಟ್ ಇಲ್ಲ. ಫ್ಯೂಜ್‌ನ ಇಲ್ಲ."

ಗಿರಮಲ್ಲಪ್ಪ ಜೇಬಿಗೆ ಕೈ ಹಾಕಿ ಅದನ್ನು ತೆಗೆದು ಕೊಟ್ಟ. "ಬೀದಿ ಲೈಟಿಂದು ಅಂತ ತಗದಿದ್ದೆ. ತಪ್ಪಾತು," ಎಂದ ಎಲ್ಲರಿಗೂ ಕೇಳುವಂತೆ.

ಜನ ಕೊಳವೆಯ ಮುಂದಿನಿಂದ ಸರಿದು ಅವನಿಗೆ ಜಾಗ ಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ತಡಿ ತಮ್ಮಾ, ಈಗ ಹಾಕಬ್ಯಾಡ," ಎಂದಳು ಬೋರವ್ವ. "ಇಂವ ಇನ್ನಾ ನೋಡಿಲ್ಲ."

ಅವನ ಕಣ್ಣು ಹದಕ್ಕೆ ಬರಲೆಂದು ಓಣಿಗೆ ಓಣಿಯೇ ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತಿತು. ಆಮೇಲೆ ಅವನು ಬಾಗಿ, ಕೊಂಬಿನ ತುದಿ ಬಿಟ್ಟು ಅದರ ಬಾಜೂಕ್ಕೆ ಕಣ್ಣು ಹಾಯಿಸಿದ. ಹಿಂಜಿದ ಉಣ್ಣೆಯ ಎಳೆ ಮೆಲ್ಲಗೆ ಮೂಡಿತು. ನೆಟ್ಟಗೆ ನೋಡಿದರೆ ಹೋಯಿತು, ಕಣ್ಣು ಸರಿಸಿದರೆ ಬಂತು. ಗುಂಡಿ ಒತ್ತಿದರೆ ಬರುವ ಬೆಳಕನ್ನಷ್ಟೇ ಕಂಡಿದ್ದ ಮನುಷ್ಯ ಮತ್ತೆ ಮತ್ತೆ ಕಣ್ಣು ಸರಿಸಿ ನೋಡಿದ.

"ಕಂಡಿತೇನ್ರಿ?" ರಾಜೇಶ್ವರಿ ಕೇಳಿದಳು.

"ಕಂಡಿತು."

"ಹಂಗಾರ ನಡೀರಿ, ನಿಮ್ಮ ಕೈಲೆ ಫ್ಯೂಜ್ ಹಾಕಿ ಬರ್ರಿ."

ಗಿರಮಲ್ಲಪ್ಪ ಹೊರಟ. ಹುಲೆಪ್ಪ ಮೆತ್ತಗೆ ಅವನ ಮೊಣಕೈ ಹಿಡಿದ.

"ಬ್ಯಾಡ್ರಿ ಸರ್, ನಾನ ಹಾಕ್ತೀನಿ. ನೀವು ಡಬ್ಯಾಗ ಕೈ ಹಾಕಿದ್ರ ಬಾಜೂ ಓಣೀನೂ ಕತ್ತಲಾಗಿ ಇಲ್ಲೇ ಬರತೈತಿ."