ಲೋಕದ ನ್ಯಾಯವೂ ಎಚ್ ಟೆಸ್ಟಿನ ಕಂಬವೂ

ಮನಃಶಾಸ್ತ್ರವನ್ನು ನನಗೆ ಯಾರೂ ಕಲಿಸಿದ್ದಲ್ಲ. ಫೋನಿನಲ್ಲಿ ಹನ್ನೊಂದು ವೀಡಿಯೊ ನೋಡಿ ನಾನೇ ಪಾರಂಗತನಾದೆ. ಹನ್ನೆರಡನೆಯದಕ್ಕೆ ನೆಟ್ ಮುಗಿಯಿತು!

ಅದರಲ್ಲಿ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಲೋಕ ನ್ಯಾಯವಾಗಿಯೇ ನಡೆಯುತ್ತದೆ ಎಂದು ಮನುಷ್ಯ ನಂಬುತ್ತಾನಂತೆ. ಹಾಗಾಗಿ ಯಾರಾದರೂ ಸೋತರೆ, ಅವರದೇ ಏನೋ ತಪ್ಪಿರಬೇಕು ಅನ್ನುತ್ತಾನಂತೆ. ಎಂಥ ಮೂರ್ಖತನ! ಡ್ರೈವಿಂಗ್ ಟೆಸ್ಟಿನ ಮೈದಾನದಲ್ಲಿ ಸಾಲಿನಲ್ಲಿ ನಿಂತು ನೆರೆಮನೆಯ ಜೊಹರಕ್ಕನಿಗೆ ಇದನ್ನೇ ಬೋಧಿಸುತ್ತಿದ್ದೆ. ಅವರು ಮೂರು ಸಲ ಫೇಲಾದವರು.

"ಹಾಗಾದ್ರೆ ನಾನು ಫೇಲಾದದ್ದು ನನ್ನ ತಪ್ಪಲ್ಲ ಅಂತ ಆಯ್ತಲ್ಲ ವಿಲ್ಸನ್?"

"ಹಾಗಲ್ಲ ಅಕ್ಕ. ನೀವು ಪ್ರಾಕ್ಟೀಸಿಗೆ ಬಂದು ಅವರಿವರ ಹತ್ರ ಮಾತಾಡ್ತಾ ಬರೀ ಪಟ್ಟಾಂಗ ಹೊಡೀತೀರಿ. ಫೇಲಾಗದೆ ಮತ್ತೆಂತ?"

ನಾನಂತೂ ಪಾಸಾಗಲೇಬೇಕಿತ್ತು. ಹೊಸಂಗಡಿಯ ಬೇಕರಿಯೊಂದರ ವ್ಯಾನಿಗೆ ಡ್ರೈವರ್ ಬೇಕಾಗಿತ್ತು. ಇವತ್ತು ಪಾಸಾದರೆ ಕೆಲಸ ನಿನಗೇ ಎಂದಿದ್ದರು ಮಾಲೀಕರು.

ನನ್ನ ಸರದಿ ಹತ್ತಿರ ಬಂದಾಗ ಜೊಹರಕ್ಕ, "ಮಗಳನ್ನು ಶಾಲೆಯಿಂದ ಕರ್ಕೊಂಡು ಬರ್ಲಿಕ್ಕುಂಟು, ನಾನು ಮೊದಲು ಹೋಗ್ಲಾ?" ಎಂದರು. ಲೋಕದ ನ್ಯಾಯ ಬರೀ ಭ್ರಮೆ ಎಂದು ನನಗೆ ಗೊತ್ತು. ಆದರೂ ಇರಲಿ, ಒಂದು ಪುಣ್ಯದ ಕೆಲಸ ಎಂದು ಸರದಿ ಬಿಟ್ಟುಕೊಟ್ಟೆ.

ಎಚ್ ಆಕಾರದಲ್ಲಿ ನೆಟ್ಟ ಕಂಬಗಳ ನಡುವೆ ಕಾರನ್ನು ಹಿಂದೆ ಮುಂದೆ ಓಡಿಸಬೇಕು. ಒಂದು ಕಂಬಕ್ಕೆ ತಾಗಿದರೂ ಫೇಲ್. ಜೊಹರಕ್ಕ ಬೆಣ್ಣೆಯಲ್ಲಿ ಕತ್ತಿ ಆಡಿಸಿದಂತೆ ಓಡಿಸಿ, ರಸ್ತೆ ಟೆಸ್ಟನ್ನೂ ಮುಗಿಸಿ, ಪಾಸಾಗಿ ಬಂದರು. ಬರೀ ಅದೃಷ್ಟ!

ಆಮೇಲೆ ನಾನು ಹತ್ತಿದೆ. ಹಿಂದಕ್ಕೆ ಬಿಟ್ಟೊಡನೆ ಒಂದು ಕಂಬ ಬಿತ್ತು. ಯಾವುದೆಂದು ತಿರುಗಿ ನೋಡುವಷ್ಟರಲ್ಲಿ ಇನ್ನೆರಡು. ಗಾಬರಿಯಲ್ಲಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದೆ. ಚಹಾ ಕುಡಿಯುತ್ತಿದ್ದ ಇನ್‌ಸ್ಪೆಕ್ಟರ್ ಕುರ್ಚಿ ಬಿಟ್ಟು ಹಾರಿದರು. ಮೈದಾನದಲ್ಲಿ ಎಚ್ ಹೋಗಿ ಬರೀ ಐ ಉಳಿಯಿತು!

"ಸಾಕು ಮಾರಾಯ, ಇಳಿ!" ಎಂದು ಅವರು ಕೂಗಿದರು.

"ಕಂಬ ಮೊದಲೇ ವಾಲಿತ್ತು ಅಕ್ಕ," ಎಂದೆ ನಾನು, ಶಾಲೆಗೆ ಹೊರಟು ನಿಂತಿದ್ದ ಜೊಹರಕ್ಕನ ಬಳಿ ಬಂದು. "ಬಿಸಿಲು ಕಣ್ಣಿಗೇ ಹೊಡೀತಿತ್ತು. ಕ್ಲಚ್ಚೂ ಸರಿ ಇಲ್ಲ."

"ಅದೇ ಕಾರಲ್ವಾ ನಾನೂ ಬಿಟ್ಟದ್ದು? ನಾನು ಫೇಲಾದ್ರೆ ಪಟ್ಟಾಂಗದಿಂದ, ನೀನು ಫೇಲಾದ್ರೆ ಕಂಬದಿಂದ! ಇದು ಎಷ್ಟನೇ ವೀಡಿಯೊದಲ್ಲಿ ಉಂಟು?"

ಅಷ್ಟರಲ್ಲಿ ಬೇಕರಿ ಮಾಲೀಕರ ಫೋನ್ ಬಂತು. ಕಂಬ, ಬಿಸಿಲು, ಕ್ಲಚ್ಚು ಎಲ್ಲವನ್ನೂ ಸವಿಸ್ತಾರವಾಗಿ ವಿವರಿಸಿದೆ.

"ಅದೆಲ್ಲ ಇರ್ಲಿ," ಎಂದರು ಅವರು. "ಪಾಸಾದವರು ಯಾರಾದ್ರೂ ಉಂಟಾ ಅಲ್ಲಿ?"

ಸುತ್ತ ನೋಡಿದೆ. ಸುಳ್ಳು ಹೇಳಬಹುದಿತ್ತು. ಫೋನನ್ನು ಜೊಹರಕ್ಕನ ಕೈಗೆ ಕೊಟ್ಟೆ.

ಆ ಇಡೀ ದಿನ ಲೋಕದಲ್ಲಿ ನಡೆದ ನ್ಯಾಯದ ಕೆಲಸ ಅದೊಂದೇ. ಅದನ್ನೂ ನಾನೇ ಮಾಡಬೇಕಾಯಿತು!