ದಿನವೂ ತಪಾಸಣೆಗೊಳಗಾಗುವ ಬ್ಯಾಟರಿಯವರಿಗೆ

ಮಾನ್ಯ ಬ್ಯಾಟರಿ ಮಹಾಶಯರೇ,

ಬಾನೆಟ್ಟಿನ ಕೆಳಗೆ, ಬೆಳಕೂ ಗಾಳಿಯೂ ಇಲ್ಲದ ಮೂಲೆಯಲ್ಲಿ ಕುಳಿತು ನಮ್ಮ ಮನೆಯವರ ಬೈಗುಳವನ್ನೆಲ್ಲ ತುಟಿಪಿಟಕ್ಕೆನ್ನದೆ ನುಂಗುತ್ತಿರುವ ತಮಗೆ ಗೌರವಪೂರ್ವಕ ನಮಸ್ಕಾರ. ಇಂದು ಬೆಳಗ್ಗೆ ಅಪ್ಪ ಕೀಲಿ ತಿರುಗಿಸಿದಾಗ ಕಾರಿನೊಳಗಿನ ಪುಟ್ಟ ದೀಪ, ಹಾಜರಿ ಕೂಗಿದಾಗ ತಲೆ ತಗ್ಗಿಸುವ ಹುಡುಗಿಯಂತೆ ಮಂಕಾಗಿ, ಆಮೇಲೆ ಮೆಲ್ಲಗೆ ಬೆಳಗಿದ್ದನ್ನು ನೋಡಿದೆ. ಎಂಜಿನ್ನು ಎರಡು ಸಲ ಕೆಮ್ಮಿ ಹೇಗೋ ಶುರುವಾಯಿತು. ಅಪ್ಪ ನನ್ನ ಕಡೆ ತಿರುಗಿ, "ನೋಡಿದ್ಯಾ? ಇದನ್ನ ನಂಬ್ಕೊಂಡು ಆ ಕೆಲಸ ಒಪ್ಕೋತೀಯಾ? ದಾರೀಲಿ ಕೈಕೊಟ್ರೆ ಏನಮ್ಮಾ ಮಾಡ್ತೀಯ?" ಎಂದರು.

ಆ ಕೆಲಸವೆಂದರೆ, ಕಲ್ಲುಗಣಿಯ ಆಚೆ, ಮೂವತ್ತು ಕಿಲೋಮೀಟರ್ ದೂರದ ಶಾಲೆಯೊಂದರಲ್ಲಿ ಭಾಷೆ ಕಲಿಸುವುದು. ಅಲ್ಲಿ ಮೊದಲ ತರಗತಿ ಎಂಟೂವರೆಗೆ. ಮೊದಲ ಬಸ್ಸು ಅಲ್ಲಿಗೆ ತಲುಪುವುದು ಒಂಬತ್ತೂಕಾಲಿಗೆ. ಸೋಮವಾರ ಸೇರುತ್ತೇನೋ ಇಲ್ಲವೋ ಎಂಬುದನ್ನು ಇಂದು ಸಂಜೆಯೊಳಗೆ ತಿಳಿಸಬೇಕು. ಸಾಹಿತ್ಯ ಓದಿಕೊಂಡವಳಿಗೆ ಎರಡು ವರ್ಷದಲ್ಲಿ ಸಿಕ್ಕ ಒಂದೇ ಒಂದು ಕೆಲಸ ತಮ್ಮ ಹನ್ನೆರಡು ವೋಲ್ಟಿಗೆ ಜೋತುಬಿದ್ದಿದೆ ಎಂಬ ಸಂಗತಿಯನ್ನು ತಮ್ಮ ಅವಗಾಹನೆಗೆ ತರಲು ಸಂಕೋಚವಾಗುತ್ತದೆ.

ತಮಗಿಂತ ಮೊದಲು ಇದೇ ಪೀಠವನ್ನು ಅಲಂಕರಿಸಿದ್ದ ಹಿರಿಯರನ್ನು ಗ್ಯಾರೇಜಿನ ಮೇಸ್ತ್ರಿ, ಬಾನೆಟ್ಟು ಪೂರ್ತಿ ಮೇಲೇಳುವ ಮೊದಲೇ, "ಬ್ಯಾಟರಿ ಸತ್ತೋಗಿದೆ ಸಾರ್, ಎತ್ತಾಕಿ" ಎಂದು ನಿವೃತ್ತಿಗೊಳಿಸಿದರು. ತಾವು ಬಂದು ಐದು ತಿಂಗಳಾಗಿಲ್ಲ, ತಮಗೂ ಅದೇ ಸುಸ್ತು. ಈ ಸಲ ಮೇಸ್ತ್ರಿ, "ಹಂಗಾದ್ರೆ ಡೈನಮೋನೇ ಹೋಗಿರ್ಬೇಕು ಬಿಡಿ" ಎಂದು, ಎಂಜಿನ್ನು ಓಡುವಾಗ ತಮಗೆ ಉಣಬಡಿಸುವ ಆ ಪಾಪದ ಯಂತ್ರದ ಮೇಲೆ ಬೆರಳು ತೋರಿಸಿದರು.

ನಾನೋ, ಎದುರು ಮಾತನಾಡುವವಳಲ್ಲ. ಕಾರಿನ ಜೊತೆ ಬಂದಿದ್ದ, ಯಾರೂ ತೆರೆಯದ ಕೈಪಿಡಿಯನ್ನು ಅಡಿಟಿಪ್ಪಣಿ ಸಮೇತ ಓದಿದೆ. ಗೆಳತಿಯಿಂದ ವೋಲ್ಟು ಅಳೆಯುವ ಮಲ್ಟಿಮೀಟರ್ ಎರವಲು ತಂದು, ಒಂಬತ್ತು ದಿನ ಬೆಳಗ್ಗೆ ಸಂಜೆ ತಮ್ಮ ನಾಡಿ ಹಿಡಿದು ಬರೆದುಕೊಂಡೆ. ಎಂಜಿನ್ನು ಓಡುತ್ತಿರುವಾಗ ಹದಿನಾಲ್ಕು ಪಾಯಿಂಟ್ ಎರಡು ವೋಲ್ಟು, ಕೈಪಿಡಿ ಹೇಳಿದಷ್ಟೇ: ಅಂದರೆ ಡೈನಮೋ ನಿರಪರಾಧಿ. ಸಂಜೆ ಎಷ್ಟಿತ್ತೋ ಮರುದಿನ ಬೆಳಗ್ಗೆಯೂ ಅಷ್ಟೇ: ಅಂದರೆ ನಾವು ಮಲಗಿದಾಗ ತಮ್ಮನ್ನು ಯಾರೂ ಕದಿಯುತ್ತಿಲ್ಲ. ಆದರೆ ಬೆಳಗ್ಗೆಯಿಂದ ಸಂಜೆಗೆ ಪ್ರತಿದಿನವೂ ಒಂದಿಷ್ಟು ಇಳಿಕೆ. ಮೇಸ್ತ್ರಿ ಚಾರ್ಜು ಮಾಡಿಕೊಟ್ಟ ಮೊದಲ ದಿನ ಹನ್ನೆರಡು ಪಾಯಿಂಟ್ ಆರು ಇದ್ದವರು ಒಂಬತ್ತನೆಯ ದಿನಕ್ಕೆ ಹನ್ನೆರಡು ಪಾಯಿಂಟ್ ಒಂದಕ್ಕೆ, ಎಂದರೆ ಅರೆಹೊಟ್ಟೆಗೆ, ಬಂದು ನಿಂತಿದ್ದಿರಿ.

ಬೆಳಗ್ಗೆ ಮತ್ತು ಸಂಜೆಯ ನಡುವೆ ನಡೆಯುವುದು ಒಂದೇ ಒಂದು ಘಟನೆ, ಅದೂ ಎಂಟು ಗಂಟೆಗೆ ಸರಿಯಾಗಿ: ಅಪ್ಪನ ತಪಾಸಣೆ. ಮೂವತ್ತು ವರ್ಷ ಲಿಫ್ಟುಗಳನ್ನು ಪರೀಕ್ಷಿಸಿದ ಮನುಷ್ಯರು. ನಿವೃತ್ತಿಯಾದ ಮೇಲೆ ಪರೀಕ್ಷಿಸಲು ಉಳಿದಿರುವುದು ತಾವೊಬ್ಬರೇ. ಮುಂದಿನ ದೀಪ, ವೈಪರು, ಫ್ಯಾನು ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ, ಒಮ್ಮೆ ಹಾರ್ನು ಒತ್ತಿ, ಆಮೇಲೆ ಎಂಜಿನ್ನು ಶುರುಮಾಡಿ, ಗಡಿಯಾರ ನೋಡಿಕೊಂಡು ಎರಡೇ ನಿಮಿಷಕ್ಕೆ ನಿಲ್ಲಿಸಿ, ಪುಸ್ತಕದಲ್ಲಿ 'ಎಲ್ಲವೂ ಸುಸ್ಥಿತಿ' ಎಂದು ಬರೆದು ಸಹಿ ಹಾಕುತ್ತಾರೆ. "ರೀ, ನಿಮ್ಮ ಕಾರು ದಿನಾ ಕಸರತ್ತು ಮಾಡುತ್ತೆ, ಗೇಟು ಮಾತ್ರ ದಾಟಲ್ಲ" ಎಂದು ಅಮ್ಮ ಅಡುಗೆಮನೆಯಿಂದಲೇ ಕೆಣಕುತ್ತಾರೆ. ತಾವು ಕೊಟ್ಟದ್ದನ್ನು ಎರಡು ನಿಮಿಷದಲ್ಲಿ ಡೈನಮೋ ಹೇಗೆ ತಾನೇ ಮರಳಿಸೀತು? ಸುಸ್ಥಿತಿ ಎಂದು ದಿನವೂ ಪ್ರಮಾಣಪತ್ರ ಪಡೆಯುತ್ತಲೇ ಸೊರಗುವ ತಮ್ಮ ವಿನಯಕ್ಕೆ ಸಾಟಿಯಿಲ್ಲ.

ಆದ್ದರಿಂದ ತಮ್ಮಲ್ಲಿ ಸಣ್ಣದೊಂದು ವಿನಂತಿ. ನಾಳೆ ಎಂಟಕ್ಕೆ ಸರಿಯಾಗಿ ತಾವೇ ಗಂಟಲು ಸರಿಮಾಡಿಕೊಂಡು, "ಯಜಮಾನರೇ, ನಿಮ್ಮ ಅಕ್ಕರೆಯೇ ನನ್ನನ್ನು ಬಳಲಿಸುತ್ತಿದೆ" ಎಂದು ಅಪ್ಪನಿಗೆ ಹೇಳಿಬಿಡಬೇಕು. ಅದು ನನ್ನಿಂದಾಗದು. ಹೇಳಲೆಂದು ಮೂರು ಸಲ ಶೆಡ್ಡಿನವರೆಗೆ ಹೋದೆ. ಅವರು ವೈಪರಿನ ರಬ್ಬರನ್ನು ತಮ್ಮ ಕರವಸ್ತ್ರದಿಂದ ಒರೆಸುತ್ತಿದ್ದರು. ಮೂರು ಸಲವೂ ಕಾಫಿಗೆ ಕರೆದು ವಾಪಸು ಬಂದೆ.

ತಮಗೆ ಬಾಯಿಲ್ಲದಿರುವುದರಿಂದಲೂ, ನನಗೆ ಇದ್ದೂ ಪ್ರಯೋಜನವಿಲ್ಲದಿರುವುದರಿಂದಲೂ, ಬೇರೊಂದು ದಾರಿ ಹಿಡಿದಿದ್ದೇನೆ. ಇವತ್ತು ಮಧ್ಯಾಹ್ನ ಪೂರ್ತಿ ತಮ್ಮನ್ನು ಅದೇ ಗೆಳತಿಯ ಚಾರ್ಜರಿಗೆ ಜೋಡಿಸಿಡುತ್ತೇನೆ. ಶಾಲೆಗೆ ಒಪ್ಪಿಗೆಯ ಪತ್ರ ಈಗಷ್ಟೇ ಕಳಿಸಿದೆ. ಸೋಮವಾರದಿಂದ ಏಳೂಕಾಲಿಗೆ, ತಪಾಸಣೆಗೆ ಮುಂಚೆಯೇ, ನಾವಿಬ್ಬರೂ ಗೇಟು ದಾಟುತ್ತೇವೆ. ಹೋಗುತ್ತ ಮೂವತ್ತು, ಬರುತ್ತ ಮೂವತ್ತು ಕಿಲೋಮೀಟರ್ ತಾವು ಹೊಟ್ಟೆ ತುಂಬ ಉಣ್ಣಬಹುದು. ತಾವು ದಾರಿಯಲ್ಲಿ ಕೈಕೊಟ್ಟೀರೆಂಬ ಭಯಕ್ಕೆ ಮೊದಲ ದಿನ ಪಕ್ಕದ ಸೀಟಿನಲ್ಲಿ ಅಪ್ಪ ಇರುತ್ತಾರೆ. ಎಂಟಾದಾಗ ಓಡುವ ಕಾರಿನಲ್ಲೇ ತಪಾಸಣೆ ಬರೆದು ಸಹಿ ಹಾಕಲೆಂದು, ಅವರ ಪುಸ್ತಕ, ಪೆನ್ನುಗಳನ್ನು ಅವರಿಗೆ ಗೊತ್ತಾಗದಂತೆ ನಾನೇ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿರುತ್ತೇನೆ.

ತಮ್ಮ ವಿಶ್ವಾಸಿ,
ಸ್ಟೇರಿಂಗ್ ಹಿಡಿಯಲಿರುವ ಮಗಳು

ಮರೆತಿದ್ದು: ಈ ಪತ್ರದ ಪ್ರತಿಯೊಂದನ್ನು ಗ್ಯಾರೇಜಿನ ಮೇಸ್ತ್ರಿಗಳಿಗೂ ಕಳಿಸುತ್ತಿದ್ದೇನೆ. ಅವರು ಲಕೋಟೆ ಒಡೆಯುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ತೆರೆದು ನೋಡದೆಯೇ ಒಳಗೇನಿದೆ ಎಂದು ಹೇಳುವ ವಿದ್ಯೆ ಅವರಿಗೆ ಸಿದ್ಧಿಸಿದೆ.