ಪಾತ್ರೆ ಪುಡಿಯಲ್ಲಿ ತೊಳೆದ ಟೆಕ್ನೋ

ಸಂಗೀತದ ಬಗ್ಗೆ ಬರೆಯುವವನಿಗೆ ಸಂಗೀತ ಬರಬೇಕು ಎಂದು ಎಲ್ಲೂ ಕಾನೂನಿಲ್ಲ. ಇದ್ದಿದ್ದರೆ ಆ ವರ್ಷ ಯಾರಾದರೂ ನನ್ನ ಕೈ ಹಿಡಿದು ತಡೆಯುತ್ತಿದ್ದರು. ಯಾರೂ ತಡೆಯಲಿಲ್ಲ. ಬದಲಿಗೆ ಹಾರ ಹಾಕಿದರು!

ನಾನು ತುಮಕೂರಿನವನು. ವಿಮಾ ಕಚೇರಿಯ ವರ್ಗಾವಣೆಯ ಮೇಲೆ ವಡೋದರಕ್ಕೆ ಬಂದು ಆಗ ಎಂಟು ವರ್ಷವಾಗಿತ್ತು. ಮಕರಪುರ ರಸ್ತೆಯ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಯಲ್ಲಿ ಮನೆ. ಹೆಂಡತಿ ಸುಮಂಗಲಾ ಧಾರವಾಡದವಳು. ಮಗಳು ಅನುಷಾ ಹನ್ನೊಂದನೇ ತರಗತಿ. ಅವಳು ಗೆಳತಿಯರ ಜೊತೆ ಗುಜರಾತಿ, ಟ್ಯೂಷನ್ನಿನಲ್ಲಿ ಇಂಗ್ಲಿಷ್, ಟಿ.ವಿ.ಯ ಜೊತೆ ಹಿಂದಿ ಆಡುತ್ತಿದ್ದಳು. ನನ್ನ ಜೊತೆ ಆಡಲು ಅವಳಿಗೆ ಯಾವ ಭಾಷೆಯೂ ಉಳಿದಿರಲಿಲ್ಲ. ಕಿವಿಯಲ್ಲಿ ಸದಾ ಇಯರ್‌ಫೋನ್. ಅದರಿಂದ ಸೋರಿ ಬರುವ ಧಬ್ ಧಬ್ ಸದ್ದಿನಿಂದಲೇ ಅವಳು ಮನೆಯಲ್ಲಿದ್ದಾಳೆ ಎಂದು ತಿಳಿಯಬೇಕು. "ಊಟ ಆಯ್ತಾ?" ಎಂದರೆ "ಹಾ". "ಪರೀಕ್ಷೆ ಹೇಗಾಯ್ತು?" ಎಂದರೆ "ಠೀಕ್". "ಯಾಕೆ ಪುಟ್ಟಾ ಸಪ್ಪಗಿದೀಯ?" ಎಂದರೆ "ಕಈ ನಹಿ", ಅಂದರೆ ಏನಿಲ್ಲ. ಮಗಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಿ ಎರಡು ವರ್ಷವಾಗಿತ್ತು. ಇದನ್ನು ನಗುತ್ತಾ ಬರೆಯುತ್ತಿದ್ದೇನೆ, ಆದರೆ ಆಗ ನನಗೆ ಅದು ನಿಜವಾದ ಸಂಕಟವಾಗಿತ್ತು.

ನಮ್ಮ ಕನ್ನಡ ಬಳಗಕ್ಕೆ ಊರಿನ ನದಿಯ ಹೆಸರಿನಲ್ಲಿ 'ವಿಶ್ವಾಮಿತ್ರಿ ವಾರ್ತೆ' ಎಂಬ ನಾಲ್ಕು ಪುಟದ ಝೆರಾಕ್ಸ್ ಮಾಸಪತ್ರಿಕೆಯಿತ್ತು. ಎರಡು ಪುಟ ಶ್ರದ್ಧಾಂಜಲಿ, ಎರಡು ಪುಟ ಗೊಜ್ಜು ಮಾಡುವ ವಿಧಾನ. ಬಳಗದ ಅಧ್ಯಕ್ಷರು ನಂಜುಂಡಯ್ಯನವರು. ಕೊಯಾಲಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆಯಲ್ಲಿ ಎಂಜಿನಿಯರ್, ಅಲ್ಲಿನ ಟೌನ್‌ಶಿಪ್ಪಿನಲ್ಲೇ ವಾಸ. ಒಂದು ಸಭೆಯಲ್ಲಿ ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ನಮ್ಮ ಪತ್ರಿಕೆನ ಹುಡುಗ್ರು ಕೈಯಲ್ಲೂ ಮುಟ್ಟೋದಿಲ್ಲ ಕಣ್ರೀ. ಅವರಿಗೆ ಬೇಕಾಗಿದ್ದು ಏನಾದ್ರೂ ಹಾಕ್ಬೇಕು. ಈಗೇನೋ ಕಂಪ್ಯೂಟರಲ್ಲೇ ಮಾಡ್ತಾರಂತಲ್ಲ, ಕುಣಿಯೋ ಸಂಗೀತ, ಅದರಲ್ಲಿ ಯಾವುದು ಹೊಸದು, ಯಾವುದು ಕೇಳಬೇಕಾದ್ದು ಅಂತ ಬರೆಯೋರು ಯಾರಾದ್ರೂ ಇದೀರಾ?"

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಕೈ ಎತ್ತಿದೆ.

ನನ್ನ ಅರ್ಹತೆಯನ್ನು ಇಲ್ಲಿ ದಾಖಲಿಸುವುದು ನ್ಯಾಯ. ಎಂಟನೇ ವಯಸ್ಸಿನಲ್ಲಿ ಸೋದರತ್ತೆಯ ಹತ್ತಿರ ಮೂರು ತಿಂಗಳು ಸರಳೆ ವರಸೆ ಕಲಿತಿದ್ದೆ. ಮೂರನೇ ತಿಂಗಳಲ್ಲಿ ಅತ್ತೆ ನನ್ನನ್ನು ಹಾಡುವುದರಿಂದ ಬಿಡಿಸಿ ತಾಳ ಹಾಕಲು ಕೂರಿಸಿದರು. ವಾರದ ನಂತರ ಅದರಿಂದಲೂ ಬಿಡಿಸಿದರು. ಆದರೂ ಕೈ ಎತ್ತಿದ್ದಕ್ಕೆ ಕಾರಣವಿತ್ತು. ಮಗಳು ಕೇಳುವ ಸಂಗೀತದ ಬಗ್ಗೆ ನಾನು ಬರೆದರೆ, ಅವಳು ಒಮ್ಮೆಯಾದರೂ ಇಯರ್‌ಫೋನ್ ತೆಗೆದು ನನ್ನ ಕಡೆ ನೋಡುತ್ತಾಳೆ, ಏನಾದರೂ ಮಾತಾಡುತ್ತಾಳೆ ಎಂದುಕೊಂಡೆ.

ಮರುದಿನವೇ ಕಚೇರಿಯ ಹತ್ತಿರದ ಸಿ.ಡಿ. ಬರೆದುಕೊಡುವ ಅಂಗಡಿಗೆ ಹೋದೆ. ಅಂಗಡಿಯ ಜಿಗ್ನೇಶ್‌ಭಾಯ್ ಕಡಲೆಹಿಟ್ಟಿನ ಕರಿದ ತಿಂಡಿ ಫಾಫ್ಡಾ ತಿನ್ನುತ್ತಿದ್ದ.

"ಇಲೆಕ್ಟ್ರಾನಿಕ್ ಮ್ಯೂಸಿಕ್ ಚಾಹಿಯೇ. ಬಿಲ್ಕುಲ್ ನಯಾ," ಅಂದೆ.

"ಟ್ರಾನ್ಸ್ ಕೇ ಟೆಕ್ನೋ, ಅಂಕಲ್?"

ಎರಡಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಸ್ವಲ್ಪ ಯೋಚಿಸಿದವನಂತೆ ಮಾಡಿ "ಮಿಕ್ಸ್" ಅಂದೆ. ಜಿಗ್ನೇಶ್‌ಭಾಯ್ ನನ್ನ ಕಡೆ ಗೌರವದಿಂದ ನೋಡಿ ಹತ್ತು ಹಾಡುಗಳ ಒಂದು ಸಿ.ಡಿ. ಬರೆದುಕೊಟ್ಟ.

ಮನೆಗೆ ಬಂದು ನೋಡಿದರೆ ಸಿ.ಡಿ.ಯ ಹಿಂಬದಿಯಲ್ಲಿ ಜಿಗ್ನೇಶ್‌ಭಾಯ್‌ನ ಐದೂ ಬೆರಳಿನ ಫಾಫ್ಡಾ ಎಣ್ಣೆ. ಸಂಗೀತವೆಂದರೆ ಸರಸ್ವತಿ, ಎಣ್ಣೆಗೈ ತಾಗಬಾರದು. ಬಚ್ಚಲಿಗೆ ಒಯ್ದು, ಪಾತ್ರೆ ತೊಳೆಯುವ ಪುಡಿ ಹಾಕಿ, ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿದೆ. ಫಳಫಳ ಹೊಳೆಯಿತು. ಇಷ್ಟು ಶ್ರದ್ಧೆಯಿಂದ ಯಾವ ವಿಮರ್ಶಕನೂ ತನ್ನ ಕೆಲಸ ಶುರುಮಾಡಿರಲಾರ.

ಭಾನುವಾರ ಮಧ್ಯಾಹ್ನ ಮನೆಯ ಪ್ಲೇಯರಿಗೆ ಹಾಕಿ, ಪೆನ್ನು ಹಿಡಿದು ಕೂತೆ. ಮೊದಲನೆಯ ಹಾಡು ಹಳೇ ಫ್ರಿಜ್ ಶುರುವಾದಂತೆ ಗುರ್ ಎಂದಿತು. ಎರಡನೆಯದರಲ್ಲಿ ಒಬ್ಬ ಹೆಂಗಸು ಬಾವಿಯ ತಳದಿಂದ ಯಾರನ್ನೋ ಕರೆಯುತ್ತಿದ್ದಳು. ನಾಲ್ಕನೆಯದು, ಸುಳ್ಳು ಹೇಳಬಾರದು, ಬಹಳ ಚೆನ್ನಾಗಿತ್ತು. ತಾಳವೆಲ್ಲ ಒಮ್ಮೆಲೇ ನಿಂತು, ಒಂದೇ ಒಂದು ಸಣ್ಣ ಸ್ವರ ಒಂಟಿಯಾಗಿ ಮೇಲೇರಿ, ಇನ್ನೇನು ಬಿದ್ದೇ ಹೋಯಿತು ಅನ್ನುವಾಗ ತಾಳ ಬಂದು ಅದನ್ನು ಎತ್ತಿಕೊಂಡಿತು. ನನ್ನ ಕಾಲು ತಾನಾಗಿಯೇ ಅಲ್ಲಾಡಿತು. ಇಷ್ಟು ದಿನ ಮಗಳು ಇದನ್ನೆಲ್ಲ ಒಬ್ಬಳೇ ಕೇಳುತ್ತಿದ್ದಳಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಆಮೇಲೆ ಆರನೆಯದು ಬಂತು.

ಧಬ್ ಧಬ್ ಚಿಕ್, ಓ ಬೇ. ಧಬ್ ಧಬ್ ಚಿಕ್, ಓ ಬೇ. ಧಬ್ ಧಬ್ ಚಿಕ್, ಓ ಬೇ.

ಐದು ನಿಮಿಷವಾದರೂ ಅಷ್ಟೇ. ಹತ್ತು ನಿಮಿಷವಾದರೂ ಅಷ್ಟೇ. ಮೊದಲು ಬೇಸರವಾಯಿತು, ಆಮೇಲೆ ಸಿಟ್ಟು ಬಂತು, ಇಪ್ಪತ್ತನೇ ನಿಮಿಷಕ್ಕೆ ನನಗೆ ಜ್ಞಾನೋದಯವಾಯಿತು. ಇದು ಎಲ್ಲಿಗೂ ಹೋಗದ ಸಂಗೀತ! ಹೋಗಬೇಕಾದ ಅಗತ್ಯವೇ ಇಲ್ಲದ ಸಂಗೀತ!

ಅಡುಗೆಮನೆಯಿಂದ ಸುಮಂಗಲಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ ಅದು? ಸಿಕ್ಕೊಂಡೈತಿ ನೋಡ್ರಿ. ತಗೀರಿ ಅದನ್ನ."

"ಸಿಕ್ಕಿಕೊಂಡಿಲ್ಲ. ಅದು ಇರೋದೇ ಹಾಗೆ. ನಿನಗೆ ಅರ್ಥವಾಗಲ್ಲ ಬಿಡು."

"ತಿಕ್ಕಿ ತಿಕ್ಕಿ ತೊಳದೀರಿ, ಗೀರು ಬಿದ್ದಾವ. ನಮ್ಮ ಬಾಣಲಿ ಹಿಂಗ ಆಗಿತ್ತು."

ಬಾಣಲೆಗೂ ಆಧುನಿಕ ಸಂಗೀತಕ್ಕೂ ಏನು ಸಂಬಂಧ ಎಂದುಕೊಂಡು ಪೆನ್ನು ಎತ್ತಿಕೊಂಡೆ. ಬರೆಯತೊಡಗಿದೆ. 'ಕೇಳಲೇಬೇಕಾದ ಹೊಸ ಎಲೆಕ್ಟ್ರಾನಿಕ್ ಸಂಗೀತ' ಎಂದು ತಲೆಬರಹ. ಉಳಿದ ಒಂಬತ್ತು ಹಾಡಿಗೆ ಒಂದು ಪ್ಯಾರಾ, ಆರನೆಯದಕ್ಕೆ ಒಂದೂವರೆ ಪುಟ. "ಸಾಮಾನ್ಯ ಗಾಯಕನು ಪಲ್ಲವಿಯಿಂದ ಚರಣಕ್ಕೆ ಓಡುತ್ತಾನೆ, ಈ ಕಲಾವಿದನಾದರೋ ಒಂದೇ ಕ್ಷಣದಲ್ಲಿ ಬಿಡಾರ ಹೂಡಿದ್ದಾನೆ. 'ಓ ಬೇ' ಎಂಬ ಅಪೂರ್ಣ ಕರೆಯಲ್ಲಿ ಆಧುನಿಕ ಮಾನವನ ಸಮಸ್ತ ಒಂಟಿತನವಿದೆ" ಎಂದೆಲ್ಲ ಬರೆದೆ.

ಪತ್ರಿಕೆ ಹೊರಬಂತು. ಹಿರಿಯರು ಹೊಗಳಿದರು, ಏಕೆಂದರೆ ಅವರು ಯಾರೂ ಹಾಡು ಕೇಳಿರಲಿಲ್ಲ. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಫ್ಲಾಟ್ ಬಾಡಿಗೆಗೆ ಹಿಡಿದಿದ್ದ ನಾಲ್ವರು ಕನ್ನಡದ ಹುಡುಗರ ಕೈಗೂ ಪತ್ರಿಕೆ ಹೋಯಿತು. ಅವರಲ್ಲಿ ಕಿರಣ್ ಎಂಬ ಮಂಗಳೂರಿನವನು ಫೋನ್ ಮಾಡಿದ.

"ಸಾರ್, ನೀವು ಬರೆದದ್ದು ಓದಿದೆವು. ಆ ಆರನೇ ಟ್ರ್ಯಾಕ್ ಉಂಟಲ್ಲ, ಇಲ್ಲಿ ಎಲ್ಲಾ ಅಂಗಡಿಯಲ್ಲಿ ಕೇಳಿ ಆಯ್ತು. ಎಲ್ಲಿಯೂ ಸಿಗುವುದಿಲ್ಲ."

"ಸಿಗೋದಿಲ್ಲ. ಬಹಳ ಅಪರೂಪದ್ದು," ಅಂದೆ. ಆ ಮಾತು ಮಾತ್ರ ಸತ್ಯ.

ಆದರೆ ನನ್ನನ್ನು ನೆಲದಿಂದ ಒಂದಡಿ ಮೇಲೆತ್ತಿದ ಸಂಗತಿ ಬೇರೆ. ಒಂದು ಸಂಜೆ ಮನೆಗೆ ಬಂದರೆ ಅನುಷಾ ಪತ್ರಿಕೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು "ಎ-ಲೆ-ಕ್ಟ್ರಾ" ಎಂದು ಓದುತ್ತಿದ್ದಾಳೆ! ತಿಳಿಯದ ಕಡೆ ಅಮ್ಮ ಹೇಳಿಕೊಡುತ್ತಿದ್ದಾಳೆ. ನನ್ನನ್ನು ನೋಡಿ ಇಯರ್‌ಫೋನ್ ತೆಗೆದಳು.

"ಪಪ್ಪಾ, ಯೂ ಲಿಸನ್ ಟು ದಿಸ್? ರಿಯಲಿ?"

"ಮತ್ತೇನು," ಅಂದೆ. "ಆರನೇದು ಕೇಳ್ಬೇಕು ನೀನು. ಈಗ ಬೇಡ. ರಾಜ್ಯೋತ್ಸವದ ದಿನ ದೊಡ್ಡ ಸ್ಪೀಕರಲ್ಲಿ ಕೇಳುವೆಯಂತೆ."

ನಂಜುಂಡಯ್ಯನವರು ಆ ಹಾಡನ್ನು ರಾಜ್ಯೋತ್ಸವಕ್ಕೆ ಇಟ್ಟುಕೊಂಡಿದ್ದರು. ಹುಡುಗರು ಬರುತ್ತಾರೆ, ಹಾಡಿನ ಮುಂಚೆ ನಾನು ಎರಡು ಮಾತಾಡಬೇಕು ಎಂದಿದ್ದರು. ಅನುಷಾ ಹೋಗಿ ತನ್ನ ಮೂವರು ಗೆಳತಿಯರನ್ನು ಕರೆದಳು. ಅಪ್ಪನ ಸಂಗೀತ ಕೇಳಿಸಲು! ಈಗ ಮಗಳ ಮರ್ಯಾದೆ ನನ್ನ ಕೈಯಲ್ಲಿತ್ತು. ಆ ರಾತ್ರಿ ನಾನು ಭಾಷಣವನ್ನು ಎರಡು ಮಾತಿನಿಂದ ಹನ್ನೆರಡು ಪುಟಕ್ಕೆ ಬೆಳೆಸಿದೆ.

ನವೆಂಬರಿನ ಒಂದು ಭಾನುವಾರ ಸಂಜೆ ನಾಲ್ಕಕ್ಕೆ, ನಮ್ಮ ಸೊಸೈಟಿಯ ಮೈದಾನದಲ್ಲೇ ಕಾರ್ಯಕ್ರಮ. ವೇದಿಕೆ ಚಿಕ್ಕದಾದ್ದರಿಂದ ಭುವನೇಶ್ವರಿಯ ದೊಡ್ಡ ಪಟವನ್ನು ಮೈದಾನದ ನಟ್ಟನಡುವೆ ಮೇಜಿನ ಮೇಲಿಟ್ಟು, ಹೂ ಹಾಕಿ, ದೀಪ ಹಚ್ಚಿ, ಸುತ್ತಲೂ ಜಾಗ ಬಿಟ್ಟು ಕುರ್ಚಿ ಹಾಕಿದ್ದೆವು. ಸೊಸೈಟಿಯ ಗುಜರಾತಿ ನೆರೆಯವರನ್ನೂ ಕರೆದಿದ್ದೆವು. ಬಿಸಿಬೇಳೆಬಾತ್ ಇದೆ ಎಂದು ತಿಳಿದು ಅವರೂ ಮನೆಮಂದಿಯೆಲ್ಲ ಬಂದಿದ್ದರು.

ನಾಡಗೀತೆಯಾಯಿತು, ನನಗೆ ಹಾರವಾಯಿತು, ನನ್ನ ಭಾಷಣವೂ ಆಯಿತು. ಸ್ಪೀಕರಿನ ಹಸ್ಮುಖ್‌ಭಾಯ್‌ಗೆ ಸಿ.ಡಿ. ಕೊಟ್ಟು ಆರನೆಯದು ಹಾಕಲು ಹೇಳಿ, ಕಣ್ಣು ಮುಚ್ಚಿ ಕೂತೆ.

ಧಬ್ ಧಬ್ ಚಿಕ್, ಓ ಬೇಬಿ, ಎಂದು ಶುರುವಾದ ಹಾಡು ಸಲೀಸಾಗಿ ಮುಂದಕ್ಕೆ ಹೋಯಿತು! ಒಬ್ಬಳು ಪ್ರೇಮದ ನಾಲ್ಕು ಸಾಲು ಹಾಡಿದಳು, ಒಬ್ಬ ಉತ್ತರ ಕೊಟ್ಟ, ಮೂರು ನಿಮಿಷಕ್ಕೆ ಎಲ್ಲವೂ ಸುಖವಾಗಿ ಮುಗಿಯಿತು. ಹಸ್ಮುಖ್‌ಭಾಯ್‌ನ ದುಬಾರಿ ಯಂತ್ರ ಗೀರುಗಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಾನು ಎದ್ದು ಓಡಿದೆ. "ಆಪ್ ಕಾ ಮಷೀನ್ ಖರಾಬ್ ಹೈ."

ಹಸ್ಮುಖ್‌ಭಾಯ್‌ಗೆ ಅವಮಾನವಾಯಿತು. "ಸಾಹೇಬ್, ಗೀತ್ ತೋ ಬರಾಬರ್ ವಾಗೇ ಛೇ." ಹಾಡು ಸರಿಯಾಗಿಯೇ ಬರುತ್ತಿದೆಯಲ್ಲ ಅಂದ.

"ಅದೇ ತಪ್ಪು. ಸರಿಯಾಗಿ ಬರಬಾರದು."

ಮತ್ತೆ ಹಾಕಿಸಿದೆ. ಮತ್ತೆ ಸರಿಯಾಗಿ ಬಂತು. ಮೂರನೇ ಸಲವೂ ಬಂತು. ಒಂದು ಯಂತ್ರ ಕೆಟ್ಟುಹೋಗಲಿಲ್ಲವೆಂದು ನನಗೆ ಅಷ್ಟು ಸಿಟ್ಟು ಬಂದದ್ದು ಅದೊಂದೇ ಬಾರಿ. ಮುಂದಿನ ಸಾಲಿನಲ್ಲಿ ಅನುಷಾಳ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನುಷಾ ತನ್ನ ಉಗುರು ನೋಡುತ್ತಿದ್ದಳು.

"ಎರಡೇ ನಿಮಿಷ," ಎಂದು ಮೈಕಿನಲ್ಲಿ ಘೋಷಿಸಿ ಮನೆಯ ಕಡೆ ಹೊರಟೆ. ಮೆಟ್ಟಿಲ ಹತ್ತಿರ ಸುಮಂಗಲಾ ಅಡ್ಡ ನಿಂತಳು.

"ಕೈ ಮುಗೀತೀನ್ರಿ, ಇಲ್ಲಿಗೇ ಬಿಡ್ರಿ. ಕೂಸಿನ ಮಾರಿ ನೋಡ್ರಿ ಒಮ್ಮೆ."

"ಅವಳಿಗೋಸ್ಕರಾನೇ ಕಣೇ," ಎಂದು ಮೂರು ಮಹಡಿ ಹತ್ತಿ, ಮನೆಯ ಪ್ಲೇಯರನ್ನು ವೈರು ಸಮೇತ ಕಿತ್ತುಕೊಂಡು, ಹಾರ ಹಾಕಿಕೊಂಡೇ ಇಳಿದು ಬಂದೆ. ಹಸ್ಮುಖ್‌ಭಾಯ್ ಕಣ್ಣಿಗೆ ಕಣ್ಣು ಸೇರಿಸದೆ ಅದನ್ನು ಸ್ಪೀಕರಿಗೆ ಜೋಡಿಸಿದ.

ಧಬ್ ಧಬ್ ಚಿಕ್, ಓ ಬೇ. ಧಬ್ ಧಬ್ ಚಿಕ್, ಓ ಬೇ.

"ಕೇಳಿ! ಇದು!" ಅಂದೆ ಮೈಕಿನಲ್ಲಿ.

ಬೋಪಾಲ್‌ನ ಕಿರಣ್ ವೇದಿಕೆಯ ಹತ್ತಿರ ಬಂದ. ವಿನಯವಂತ ಹುಡುಗ, ಮೆಲ್ಲಗೆ ಹೇಳಿದ. "ಸಾರ್, ಅದು ಸಿ.ಡಿ. ಸ್ಕ್ರ್ಯಾಚ್ ಆದದ್ದು ಅಷ್ಟೇ. ಮೊದಲು ಬಂದದ್ದೇ ಸರಿಯಾದ ಹಾಡು."

ಅವನು ಮೆಲ್ಲಗೇ ಹೇಳಿದ. ಮೈಕು ನನ್ನ ಕೈಯಲ್ಲಿತ್ತು. ಇಡೀ ಸೊಸೈಟಿಗೆ ಕೇಳಿಸಿತು.

ಹಾಡು ಮಾತ್ರ ನಿಲ್ಲಲಿಲ್ಲ. ಆಗ ನೆಲಮಹಡಿಯ ಕಾಂತಾಬೆನ್ ಎದ್ದರು. ಅರವತ್ತು ದಾಟಿದ ಹೆಂಗಸು. ನವರಾತ್ರಿಯ ಗರ್ಬಾ ಕುಣಿತ ಮುಗಿದು ಇನ್ನೂ ಕಾಲಿನ ತುರಿಕೆ ಆರಿರಲಿಲ್ಲವೇನೋ. ನಡುವೆ ದೇವಿ, ಮುಂದೆ ದೀಪ, ಸುತ್ತ ಖಾಲಿ ಜಾಗ, ಕಿವಿಗೆ ತಪ್ಪದ ತಾಳ. ಇಷ್ಟಿದ್ದ ಮೇಲೆ ವಡೋದರದ ಹೆಣ್ಣುಮಗಳನ್ನು ಕುರ್ಚಿಯಲ್ಲಿ ಹಿಡಿದಿಡುವುದು ಯಾರಿಂದಲೂ ಆಗದು. ಕಾಂತಾಬೆನ್ ಸೆರಗು ಸಿಕ್ಕಿಸಿ, ಮೂರು ಚಪ್ಪಾಳೆ ತಟ್ಟಿ, ಭುವನೇಶ್ವರಿಯ ಸುತ್ತ ಒಂದು ಸುತ್ತು ಹಾಕಿದರು. ಹಿಂದೆಯೇ ಅವರ ಸೊಸೆಯರು. ಅವರ ಹಿಂದೆ ಅನುಷಾಳ ಗೆಳತಿಯರು, ಅವರು ಎಳೆದುಕೊಂಡು ಹೋದ ಅನುಷಾ, ಬೋಪಾಲ್‌ನ ಹುಡುಗರು, ಕೊನೆಗೆ ಮೈಸೂರು ಪೇಟ ಸುತ್ತಿದ್ದ ನಂಜುಂಡಯ್ಯನವರು.

ಹಾಡು ಮುಗಿದಾಗ ಗರ್ಬಾ ನಿಲ್ಲುತ್ತದೆ. ಈ ಹಾಡು ಮುಗಿಯುವುದಿಲ್ಲ! ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು. ಹಸ್ಮುಖ್‌ಭಾಯ್ ನಿಲ್ಲಿಸಲು ಕೈ ಚಾಚಿದಾಗ ನಲವತ್ತು ಹೆಂಗಸರು ಒಟ್ಟಿಗೆ ಗದರಿದರು. ಬಿಸಿಬೇಳೆಬಾತ್ ಆರಿ ಗಟ್ಟಿಯಾಯಿತು. ನಂಜುಂಡಯ್ಯನವರು ಪ್ರತಿ ಸುತ್ತಿಗೂ ನನ್ನೆದುರು ಹಾಯುವಾಗ "ನಿಲ್ಸಪ್ಪಾ, ನಿಲ್ಸು" ಎಂದು ಏದುಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಕೊನೆಗೆ ಕರೆಂಟು ಹೋಗಿ ಕನ್ನಡ ನಾಡು ಉಳಿಯಿತು.

ಜನ ನಗುತ್ತಾ ಕುರ್ಚಿಗೆ ಮರಳಿದರು. ಅನುಷಾ ಬೆವರು ಒರೆಸಿಕೊಂಡು ಸೀದಾ ನನ್ನ ಹತ್ತಿರ ಬಂದಳು. ಗೆಳತಿಯರ ಎದುರಿಗೆ ಅಪ್ಪನ ಮಾನ ಹೋಗಬಾರದೆಂದೋ ಏನೋ, ಅವರಿಗೆ ತಿಳಿಯದ ಭಾಷೆ ಹುಡುಕಿಕೊಂಡಳು. ಅವಳ ತಾಯಿಯ ಧಾರವಾಡದ ಕನ್ನಡವೇ ಸಿಕ್ಕಿತು.

"ಪಪ್ಪಾ, ನಿಮಗ ಗೊತ್ತಿಲ್ಲದ್ದರ ಬಗ್ಗೆ ಇನ್ನ ಮ್ಯಾಲೆ ದಯವಿಟ್ಟು ಒಂದ್ ಅಕ್ಷರಾನೂ ಬರೀಬ್ಯಾಡ್ರಿ."

ಪೂರ್ತಿ ವಾಕ್ಯ. ಒಂದು ಇಂಗ್ಲಿಷ್ ಇಲ್ಲ, ಒಂದು ಗುಜರಾತಿ ಇಲ್ಲ. ಎರಡು ವರ್ಷ ಕಾದಿದ್ದೆ. ನನ್ನ ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ಹೇಳು ಪುಟ್ಟಾ," ಅಂದೆ.

ಹೇಳಿದಳು. ಎರಡನೇ ಸಲ ಅದರಲ್ಲಿ 'ದಯವಿಟ್ಟು' ಇರಲಿಲ್ಲ.